ನಗಿಸಲು ಹೊರಟಾಗ



ಒಂಬತ್ತನೇ ತರಗತಿಯಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ಕೈಲಾಸಂ ನಾಟಕ ಆಡುತ್ತೇವೆಂದೆವು. ಕನ್ನಡ ಮೇಷ್ಟ್ರು, ‘ಅವರು ತಮ್ಮ ಸುತ್ತಲಿನವರ ಇಂಗ್ಲಿಷ್ ಬೆರೆತ ಕನ್ನಡವನ್ನೇ ರಂಗಕ್ಕೆ ತಂದರು. ನೀವು ನಮ್ಮೂರಿನ ಮಾತು ತನ್ನಿರೋ’ ಎಂದರು. ಹತ್ತು ನಿಮಿಷದ ಸ್ಕಿಟ್ ಬರೆದೆವು: ಕಿರಾಣಿ ಅಂಗಡಿಯಲ್ಲಿ ಸಾಲ ಕೇಳುವುದು. ಅಪ್ಪ ತಲೆ ಕೆರೆದುಕೊಂಡು ಕೇಳುವ ರೀತಿಯನ್ನೇ ನಾನು ಮಾಡಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಹಿಂದೆ ಕೂತಿದ್ದ ಅಪ್ಪ ಎದ್ದು ಹೋದರು. ಮನೆಯಲ್ಲಿ ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು.

ಈಗ ಬೆಂಗಳೂರಿನಲ್ಲಿ ಭಾನುವಾರಗಳಂದು ಗೆಳೆಯರೊಡನೆ ಪ್ರಹಸನ ಆಡುತ್ತೇನೆ. ಹೊಸಬರಿಗೆ ಹೇಳುವುದಿಷ್ಟೇ: ನಗು ಎದ್ದಾಗ ಮುಂದಿನ ಮಾತು ತಡೆಯಿರಿ, ಮೊದಲು ನಿಮ್ಮನ್ನೇ ಗೇಲಿ ಮಾಡಿಕೊಳ್ಳಿ.

ಅಪ್ಪ ಇಂದು ಮೂರನೇ ಸಾಲಿನಲ್ಲಿದ್ದಾರೆ. ಸಂಜೆ ಅದೇ ಸ್ಕಿಟ್ ಇದೆ. ಈ ಸಲ ತಲೆ ಕೆರೆದುಕೊಳ್ಳುವವನು ಇಎಂಐ ಕಟ್ಟಲಾಗದ ಸಾಫ್ಟ್‌ವೇರ್ ಇಂಜಿನಿಯರ್.