ಪರದೆಯ ಚಿತ್ರ, ಕೈಯಲ್ಲೊಂದು ಸಾಕ್ಷಿ



ಮುಲುಂಡಿನಿಂದ ಮಂಗಳೂರು ಕಡೆಗೆ ಹೊರಡುವ ನಮ್ಮವರು ಅನೇಕರು ಠಾಣೆಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಟಿಕೆಟ್ ಕಾಯ್ದಿರಿಸಲು 60 ದಿನ ಮೊದಲು, ಬೆಳಿಗ್ಗೆ 8 ಗಂಟೆಗೇ ಕಂಪ್ಯೂಟರಿನ ಮುಂದೆ ಕೂರಬೇಕು. ಬ್ಯಾಂಕಿನಿಂದ ಹಣ ಹೋಯಿತು, ಟಿಕೆಟ್ ಮಾತ್ರ ಬರಲಿಲ್ಲ ಎಂದಿಟ್ಟುಕೊಳ್ಳಿ. ವ್ಯವಹಾರದ ಸಂಖ್ಯೆ ಪರದೆಯ ಮೇಲೆ ಕಂಡು ಮರೆಯಾಯಿತು. ನಾಳೆ ವಿಚಾರಿಸಲು ಹೋದಾಗ ಏನು ತೋರಿಸುತ್ತೀರಿ?

ಅದಕ್ಕೇ ಸ್ಕ್ರೀನ್‌ಶಾಟ್, ಅಂದರೆ ಪರದೆಯ ಚಿತ್ರ, ತೆಗೆಯಲು ತಿಳಿದಿರಬೇಕು. ಇದಕ್ಕೆ ಕ್ಯಾಮೆರಾ ಬೇಡ, ಖರ್ಚೂ ಇಲ್ಲ.

ಕೀಬೋರ್ಡಿನ ಮೇಲ್ಸಾಲಿನಲ್ಲಿ ಬಲಗಡೆ 'ಪ್ರಿಂಟ್ ಸ್ಕ್ರೀನ್' ಎಂಬ ಕೀ ಇರುತ್ತದೆ. ಹೆಸರನ್ನು ಮೊಟಕುಗೊಳಿಸಿ ಬರೆದಿರುತ್ತಾರೆ. ಹಳೆಯ ವಿಂಡೋಸ್‌ನಲ್ಲಿ ಅದನ್ನು ಒತ್ತಿದರೆ ಏನೂ ಆದಂತೆ ಕಾಣುವುದಿಲ್ಲ. ಚಿತ್ರ ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿ ಇರುತ್ತದೆ, ಅಷ್ಟೇ. ಬೇರೇನಾದರೂ ಕಾಪಿ ಮಾಡಿದಿರೋ, ಕರೆಂಟು ಹೋಯಿತೋ, ಚಿತ್ರವೂ ಹೋಯಿತು! ಆದ್ದರಿಂದ ಕೂಡಲೇ 'ಪೇಯಿಂಟ್' ತೆರೆದು, ಕಂಟ್ರೋಲ್ ಹಿಡಿದು ವಿ ಒತ್ತಿ. ಚಿತ್ರ ಮೂಡುತ್ತದೆ. ಆಮೇಲೆ ಕಂಟ್ರೋಲ್ ಹಿಡಿದು ಎಸ್ ಒತ್ತಿ, ಹೆಸರು ಕೊಟ್ಟು ಉಳಿಸಿ.

2012ರಲ್ಲಿ ಬಂದ ವಿಂಡೋಸ್ 8 ಮತ್ತು ಅದರ ನಂತರದವುಗಳಲ್ಲಿ ಇನ್ನೂ ಸುಲಭ. ವಿಂಡೋಸ್ ಕೀ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಚಿತ್ರ ತಾನಾಗಿಯೇ 'ಪಿಕ್ಚರ್ಸ್' ಒಳಗಿನ 'ಸ್ಕ್ರೀನ್‌ಶಾಟ್ಸ್' ಫೋಲ್ಡರಿಗೆ ಸೇರುತ್ತದೆ. ಪರದೆಯ ಒಂದು ಭಾಗ ಮಾತ್ರ ಸಾಕಾದರೆ, ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ, ಬೇಕಾದಷ್ಟನ್ನು ಮೌಸಿನಿಂದ ಆರಿಸಿ. ಆಪಲ್ ಮ್ಯಾಕ್ ಇದ್ದವರು ಕಮಾಂಡ್, ಶಿಫ್ಟ್, 3 ಒತ್ತಿದರೆ ಇಡೀ ಪರದೆ. 3ರ ಬದಲು 4 ಒತ್ತಿದರೆ ಆರಿಸಿದ ಭಾಗ. ಚಿತ್ರ ಡೆಸ್ಕ್‌ಟಾಪಿನಲ್ಲೇ ಸಿಗುತ್ತದೆ.

ಉಳಿಸುವಾಗ ಪಿಎನ್‌ಜಿ ಆರಿಸಿ. ಜೆಪಿಜಿಯಲ್ಲಿ ಸಣ್ಣ ಅಕ್ಷರಗಳು ಮಸುಕಾಗಬಹುದು. ಹಣದ ವಿಷಯವಾದರೆ ಇಡೀ ಪರದೆಯನ್ನೇ ತೆಗೆಯಿರಿ, ಮೂಲೆಯ ದಿನಾಂಕ ಮತ್ತು ಸಮಯ ಕೂಡ ಸೇರುತ್ತದೆ. 'ರೈಲು ಟಿಕೆಟ್, ಮೇ 12' ಎಂಬಂಥ ಹೆಸರಿಡಿ. ಇಲ್ಲವಾದರೆ ಬೇಕಾದ ದಿನ ನೂರು ಚಿತ್ರಗಳ ನಡುವೆ ಹುಡುಕಬೇಕಾಗುತ್ತದೆ.

ಒಂದು ಎಚ್ಚರಿಕೆ. ಚಿತ್ರವನ್ನು ತಿದ್ದಲು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಚಿತ್ರವಿದೆಯಲ್ಲ ಎಂದು ಮೂಲ ಎಸ್ಸೆಮ್ಮೆಸ್ಸು, ಇಮೇಲುಗಳನ್ನು ಅಳಿಸಬೇಡಿ. ಯಾರಾದರೂ ಮೋಸದಿಂದ ಹಣ ಎಗರಿಸಿದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಡುವಾಗ ಈ ಚಿತ್ರಗಳನ್ನು ಲಗತ್ತಿಸಬಹುದು. ಆದರೆ ಓಟಿಪಿ, ಕಾರ್ಡ್ ಸಂಖ್ಯೆ ಕಾಣುವ ಚಿತ್ರವನ್ನು ಅಪರಿಚಿತರು ಯಾರೇ ಕೇಳಲಿ, ಕಳಿಸಬೇಡಿ.

ಬಿಡುವಾದಾಗ ಮನೆಯ ಹಿರಿಯರನ್ನು ಕೂರಿಸಿಕೊಂಡು ಅವರ ಕೈಯಿಂದಲೇ ಒಂದು ಚಿತ್ರ ತೆಗೆಸಿ, ಹೆಸರಿಟ್ಟು ಉಳಿಸಿಸಿ. ಹೊತ್ತಿಗೆ ಒದಗುವ ವಿದ್ಯೆ ಇದು.