ಪೆಟ್ಟಿಗೆಯಲ್ಲಿ ಬೇರೆ ಸಾಮಾನು ಬಂದರೆ

(ತೋಟದ ಕುಟುಂಬಗಳ ಭಾನುವಾರ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಇಂದು ಈ ಕೂಟದಲ್ಲಿ ಮಾತಾಡಬೇಕೆಂದು ಹಿರಿಯರು ಕೇಳಿಕೊಂಡಾಗ ನಾವು ಹಿಂಜರಿದೆವು. ನಾವು ಗಂಡಹೆಂಡತಿ ಇಬ್ಬರೂ ಚಹಾ ತೋಟದ ಕೆಲಸದವರು. ಭಾಷಣ ಮಾಡಿ ಅಭ್ಯಾಸವಿಲ್ಲ. ಆದರೂ ನಮಗಾದ ನಷ್ಟ ಇನ್ನೊಂದು ಮನೆಗೆ ಆಗಬಾರದೆಂದು ಒಪ್ಪಿಕೊಂಡೆವು. ನಾವು ಹೇಳುವುದರಲ್ಲಿ ನಮ್ಮ ಬುದ್ಧಿವಂತಿಕೆಗಿಂತ ನಮ್ಮ ದಡ್ಡತನವೇ ಹೆಚ್ಚು ಕಾಣುವುದು. ಅದಕ್ಕಾಗಿ ನಮಗೆ ನಾಚಿಕೆಯಿಲ್ಲ. ನಾಚಿಕೆಪಟ್ಟು ಸುಮ್ಮನಿದ್ದುದರಿಂದಲೇ ನಮ್ಮ ನಷ್ಟ ದೊಡ್ಡದಾಯಿತು.

ಮೊದಲು ನಡೆದ ಸಂಗತಿ. ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಒಬ್ಬರಿಗೆ ಗಂಬೂಟು ಬೇಕಾಯಿತು. ಹಳೆಯದು ಹರಿದಿತ್ತು. ಮಳೆಯಲ್ಲಿ, ಜಿಗಣೆಯ ನಡುವೆ, ಬೂಟಿಲ್ಲದೆ ಎಲೆ ಕೀಳುವುದು ಎಂಥ ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ. ಪೇಟೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಆದಕಾರಣ ಮಗಳು ಫೋನಿನಲ್ಲೇ ಒಂದು ಆನ್‌ಲೈನ್ ಅಂಗಡಿಗೆ ಆರ್ಡರ್ ಹಾಕಿಕೊಟ್ಟು ಹಾಸ್ಟೆಲಿಗೆ ಹೋದಳು. ಬೆಲೆ 749 ರೂಪಾಯಿ. ಪಾರ್ಸಲ್ ಬಂದಾಗ ಹಣ ಕೊಡುವ ಕ್ರಮ.

ಆರನೆಯ ದಿನ ತೋಟದ ಗೇಟಿನ ಹತ್ತಿರ ಪಾರ್ಸಲ್ ಬಂತು. ಹಣ ಕೊಟ್ಟು ಮನೆಗೆ ತಂದು ಬಿಚ್ಚಿ ನೋಡಿದರೆ ಒಳಗೆ ಗಂಬೂಟಿಲ್ಲ. ತೆಳ್ಳನೆಯ ಒಂದು ಜೊತೆ ರಬ್ಬರ್ ಚಪ್ಪಲಿ! ಅದೂ ಮಕ್ಕಳ ಅಳತೆಯದು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತೆವು.

ಆಗ ನಾವು ಮಾಡಿದ ತಪ್ಪು ಯಾವುದು? ಆರ್ಡರ್ ಹಾಕಿದ ಆ್ಯಪನ್ನು ತೆರೆದು ಅಲ್ಲಿ ದೂರು ಕೊಡುವುದನ್ನು ಬಿಟ್ಟು, ಆ ಕಂಪನಿಯ ಕಸ್ಟಮರ್ ಕೇರ್ ನಂಬರ್ ಏನೆಂದು ಫೋನಿನಲ್ಲಿ ಹುಡುಕಿದೆವು. ಮೊದಲು ಕಂಡ ನಂಬರಿಗೆ ಕರೆ ಮಾಡಿದೆವು. ಆ ಮನುಷ್ಯನ ಮಾತು ಬಹಳ ಸಿಹಿ. "ಚಿಂತೆ ಮಾಡಬೇಡಿ ಅಮ್ಮ, ಇವತ್ತೇ ಹಣ ಬರುತ್ತದೆ" ಎಂದ. ಒಂದು ಆ್ಯಪ್ ಹಾಕಿಕೊಳ್ಳಿ ಎಂದ, ಹಾಕಿಕೊಂಡೆವು. ಅದರಿಂದ ನಮ್ಮ ಫೋನಿನಲ್ಲಿ ಕಾಣುವುದೆಲ್ಲವೂ ಅವನಿಗೆ ಕಾಣುತ್ತದೆಂದು ನಮಗೆ ತಿಳಿಯದು. ದೂರು ದಾಖಲಿಸಲು ಐದು ರೂಪಾಯಿ ಕಟ್ಟಿ ಎಂದ. ಐದು ರೂಪಾಯಿ ತಾನೇ ಎಂದು ಪಿನ್ ಒತ್ತಿದೆವು. ಸ್ವಲ್ಪ ಹೊತ್ತಿನಲ್ಲಿ ಮಗಳ ಹಾಸ್ಟೆಲ್ ಶುಲ್ಕಕ್ಕೆಂದು ಕೂಡಿಟ್ಟ 8,400 ರೂಪಾಯಿ ಖಾತೆಯಿಂದ ಹೋಯಿತು.

ಪ್ರಿಯರೇ, 749 ರೂಪಾಯಿಯ ಹಿಂದೆ ಓಡಿ 8,400 ರೂಪಾಯಿ ಕಳೆದುಕೊಂಡೆವು. ಮೂರು ದಿನ ಯಾರಿಗೂ ಹೇಳಲಿಲ್ಲ. ಮಸ್ಟರಿನಲ್ಲಿ ನಿಂತಾಗ ಎಲ್ಲರೂ ನಮ್ಮನ್ನೇ ನೋಡಿ ನಗುತ್ತಿದ್ದಾರೋ ಎಂದು ಅನ್ನಿಸುತ್ತಿತ್ತು. ನಾಲ್ಕನೆಯ ದಿನ ಪಕ್ಕದ ಲೈನಿನ, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಮುಂದೆ ಬಾಯಿಬಿಟ್ಟೆವು. ಅವಳು ಕೇಳಿದ ಮೊದಲ ಪ್ರಶ್ನೆ, "ದೊಡ್ಡಮ್ಮ, ಅವತ್ತೇ 1930ಕ್ಕೆ ಯಾಕೆ ಕರೆ ಮಾಡಲಿಲ್ಲ?" ಎಂಬುದು. ಆ ನಂಬರ್ ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಅವಳು ಕೂಡಲೇ ದೂರು ಕೊಡಿಸಿದಳು, ಬ್ಯಾಂಕಿಗೂ ತಿಳಿಸಿದೆವು. ಆದರೆ ಅಷ್ಟರಲ್ಲಿ ಹಣ ಕೈಯಿಂದ ಕೈಗೆ ಸಾಗಿ, ಯಾರೋ ತೆಗೆದುಕೊಂಡಾಗಿತ್ತು. ಆ ಹಣ ಇಂದಿಗೂ ಬಂದಿಲ್ಲ.

ಹಣ ಬೇರೆಯವರ ಖಾತೆಯಲ್ಲಿ ಇನ್ನೂ ಇರುವಾಗಲೇ ಅದನ್ನು ತಡೆಯಲು ಸಾಧ್ಯ. ಆದುದರಿಂದ ಇಂಥ ಮೋಸವಾದರೆ ನಾಳೆಯೆನ್ನದೆ, ಅಳುತ್ತಾ ಕೂರದೆ, ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿರಿ. ಈ ಮಾತನ್ನು ಬರೆದಿಟ್ಟುಕೊಳ್ಳಿರಿ.

ಇನ್ನು ಚಪ್ಪಲಿಯ ಸಂಗತಿ. ಆ ಹುಡುಗಿ ಆರ್ಡರ್ ಹಾಕಿದ ಆ್ಯಪನ್ನೇ ತೆರೆದಳು. ಅದರಲ್ಲಿ ನಮ್ಮ ಆರ್ಡರಿನ ಪುಟವಿತ್ತು, 'ರಿಟರ್ನ್' ಎಂಬ ಗುಂಡಿಯಿತ್ತು. 'ಬೇರೆ ಸಾಮಾನು ಬಂದಿದೆ' ಎಂಬ ಕಾರಣವನ್ನು ಆರಿಸಿ, ಚಪ್ಪಲಿಯ ಫೋಟೋ ಹಾಕಿ ಕಳುಹಿಸಿದಳು. ಎರಡು ದಿನದ ಮೇಲೆ ಉತ್ತರ ಬಂತು: ಸಾಮಾನು ಸರಿಯಾಗಿಯೇ ತಲುಪಿದೆ, ಹಣ ಕೊಡಲಾಗದು!

ಅನೇಕರು ಇಲ್ಲಿಯೇ ಕೈಬಿಡುತ್ತಾರೆ. ನಾವೂ ಬಿಡುತ್ತಿದ್ದೆವು. ಆದರೆ ಪುಣ್ಯಕ್ಕೆ ಪೆಟ್ಟಿಗೆಯನ್ನು ಒಲೆಗೆ ಹಾಕಿರಲಿಲ್ಲ. ಅದರ ಮೇಲಿನ ಚೀಟಿಯನ್ನು ನೋಡಿದಾಗ ಆರ್ಡರ್ ನಂಬರಿನ ಕೆಳಗೆ ಪಾರ್ಸಲಿನ ತೂಕ 310 ಗ್ರಾಂ ಎಂದು ಅಚ್ಚಾಗಿತ್ತು. ಒಂದು ಜೊತೆ ಗಂಬೂಟು 310 ಗ್ರಾಂ ತೂಗುವುದುಂಟೇ? ಹಳೆಯ ಬೂಟನ್ನು ಅಂಗಡಿಯ ತಕ್ಕಡಿಗೆ ಹಾಕಿದರೆ ಒಂದೂವರೆ ಕಿಲೋ ತೂಗಿತು. ಎರಡರ ಫೋಟೋವನ್ನೂ ತೆಗೆದು ಕಂಪನಿಯ ದೂರು ಅಧಿಕಾರಿಗೆ ಬರೆಸಿದೆವು, 1915ಕ್ಕೂ ಕರೆ ಮಾಡಿದೆವು. ಆರ್ಡರ್ ಹಾಕಿದ ದಿನದಿಂದ ಲೆಕ್ಕ ಹಿಡಿದರೆ ಇಪ್ಪತ್ತೇಳನೆಯ ದಿನ 749 ರೂಪಾಯಿ ಬ್ಯಾಂಕ್ ಖಾತೆಗೆ ಬಂತು.

ದಿನವೂ ಎಲೆ ತೂಗುವಾಗ ಮುಳ್ಳಿನ ಮೇಲೆಯೇ ಕಣ್ಣಿಟ್ಟು ನಿಲ್ಲುವವರು ನಾವು. ಅರ್ಧ ಕಿಲೋ ಕಡಿಮೆ ಬರೆದರೆ ಕೇಳುತ್ತೇವೆ. ಅದೇ ಕಣ್ಣು, ಅದೇ ಬಾಯಿ ಈ ಪೆಟ್ಟಿಗೆಯ ಮುಂದೆಯೂ ನಮಗಿರಬೇಕು.

ಹಣ ವಾಪಸು ಕೇಳುವುದು ಬೇಡುವುದಲ್ಲ. ಅದು ನಮ್ಮ ಹಕ್ಕು. ಮೊದಲು 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಇತ್ತು. ಅದರ ಬದಲಿಗೆ ಬಂದ 2019ರ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಅದೇ ತಿಂಗಳು ಆನ್‌ಲೈನ್ ವ್ಯಾಪಾರಕ್ಕೆಂದೇ ಬೇರೆ ನಿಯಮಗಳೂ ಬಂದವು. ತೋರಿಸಿದ ಸಾಮಾನಿಗೂ ಕಳುಹಿಸಿದ ಸಾಮಾನಿಗೂ ಹೊಂದಿಕೆಯಿಲ್ಲದಿದ್ದರೆ, ಅದು ಕೆಟ್ಟದ್ದಾಗಿದ್ದರೆ ಅಥವಾ ನಕಲಿಯಾಗಿದ್ದರೆ, ಮಾರಿದವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಹಣ ಕೊಡುವುದಿಲ್ಲ ಎನ್ನುವಂತಿಲ್ಲ. ಪ್ರತಿಯೊಂದು ಆನ್‌ಲೈನ್ ಅಂಗಡಿಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಿ, ಅವರ ಹೆಸರನ್ನೂ ಸಂಪರ್ಕದ ವಿವರವನ್ನೂ ತನ್ನ ಆ್ಯಪಿನಲ್ಲಿ ತೋರಿಸಬೇಕು. ದೂರು ಮುಟ್ಟಿತೆಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಈಗ ಮಾಡಬೇಕಾದ ಕೆಲಸವನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಆರ್ಡರ್ ಹಾಕುವ ಮುಂಚೆ ಆ ಸಾಮಾನನ್ನು ಹಿಂದಿರುಗಿಸಲು ಎಷ್ಟು ದಿನದ ಅವಕಾಶವಿದೆ ಎಂದು ನೋಡಿರಿ. ಕೆಲವಕ್ಕೆ ಹತ್ತು ದಿನ, ಕೆಲವಕ್ಕೆ ಏಳು ದಿನ, ಕೆಲವಕ್ಕೆ ಹಣವಿಲ್ಲದೆ ಬದಲಿ ಸಾಮಾನು ಮಾತ್ರ ಎಂದು ಬರೆದಿರುತ್ತಾರೆ. ಭಾನುವಾರ ನೋಡೋಣವೆಂದು ಪಾರ್ಸಲನ್ನು ಅಟ್ಟದ ಮೇಲಿಟ್ಟರೆ ದಿನ ಮುಗಿದುಹೋಗುವುದು.

ಎರಡನೆಯದಾಗಿ, ಪಾರ್ಸಲ್ ಬಿಚ್ಚುವಾಗ ಫೋನಿನಲ್ಲಿ ವೀಡಿಯೋ ತೆಗೆಯಿರಿ. ಮೊದಲು ಮೇಲಿನ ಚೀಟಿ, ಆಮೇಲೆ ಅಂಟಿಸಿದ ಟೇಪು, ಆಮೇಲೆ ಒಳಗಿನ ಸಾಮಾನು, ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಬರಬೇಕು. ಪೆಟ್ಟಿಗೆ, ಚೀಟಿ, ಬಿಲ್ಲು ಯಾವುದನ್ನೂ ಎಸೆಯಬೇಡಿರಿ. ತಪ್ಪು ಬಂದ ಸಾಮಾನನ್ನು ಉಪಯೋಗಿಸಬೇಡಿರಿ.

ಮೂರನೆಯದಾಗಿ, ದೂರನ್ನು ಆರ್ಡರ್ ಹಾಕಿದ ಆ್ಯಪಿನ ಒಳಗಿಂದಲೇ ಕೊಡಿರಿ. ದೂರಿನ ನಂಬರನ್ನು ಪುಸ್ತಕದಲ್ಲಿ ಬರೆದಿಡಿರಿ. ಸಾಮಾನು ಒಯ್ಯಲು ಬಂದವರಿಗೆ ಹಣ ಕೊಡಬೇಕಾಗಿಲ್ಲ. ಒಯ್ದರೆಂಬುದಕ್ಕೆ ಸಂದೇಶ ಬಂದಿತೇ ಎಂದು ಅವರ ಎದುರಿಗೇ ನೋಡಿಕೊಳ್ಳಿರಿ.

ನಾಲ್ಕನೆಯದಾಗಿ, ಹಣ ಎಲ್ಲಿಗೆ ಬರುತ್ತದೆಂದು ತಿಳಿದಿರಲಿ. ಫೋನಿನಿಂದ ಕಟ್ಟಿದ್ದರೆ ಸಾಮಾನ್ಯವಾಗಿ ಅದೇ ಖಾತೆಗೆ ಬರುವುದು. ನಗದು ಕೊಟ್ಟಿದ್ದರೆ ಆ್ಯಪಿನಲ್ಲಿ ಬ್ಯಾಂಕ್ ಖಾತೆಯ ವಿವರ ಕೇಳುವುದು. ಅದನ್ನು ನೀವೇ, ಅಥವಾ ನಿಮ್ಮ ಮನೆಯ ಮಕ್ಕಳೇ, ಅಲ್ಲಿ ತುಂಬಿರಿ. ಫೋನ್ ಮಾಡಿ ಕೇಳುವ ಯಾರಿಗೂ ಹೇಳಬೇಡಿರಿ. ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ. ಪಿನ್ ಬೇಕಾಗುವುದು ಕೊಡುವುದಕ್ಕೆ. ಈ ಒಂದು ಮಾತು ಗೊತ್ತಿದ್ದರೆ ನಮ್ಮ ಮಗಳ ಶುಲ್ಕ ಉಳಿಯುತ್ತಿತ್ತು.

ಐದನೆಯದಾಗಿ, ಕಂಪನಿ ಕೇಳದಿದ್ದರೆ 1915ಕ್ಕೆ ಕರೆ ಮಾಡಿರಿ. ಇದು ಕೇಂದ್ರ ಸರಕಾರದ ಗ್ರಾಹಕ ಸಹಾಯವಾಣಿ. ನಾವು ತಮಿಳುನಾಡಿನಲ್ಲಿದ್ದೇವೆ, ಕೇರಳದಲ್ಲಿದ್ದೇವೆ, ನಮ್ಮ ಭಾಷೆ ಯಾರು ಕೇಳುತ್ತಾರೆ ಎಂದು ಹೆದರಬೇಡಿರಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ತಮಿಳು ಮಲಯಾಳಗಳಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ. ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುವವರು. ಎಷ್ಟೋ ಸಲ ಅಷ್ಟರಿಂದಲೇ ಕೆಲಸವಾಗುತ್ತದೆ.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ನೀಲಗಿರಿಯವರಿಗೆ ಉದಕಮಂಡಲದಲ್ಲಿ, ವಯನಾಡಿನವರಿಗೆ ಕಲ್ಪೆಟ್ಟದಲ್ಲಿ. ಕಂಪನಿ ಬೆಂಗಳೂರಿನಲ್ಲಿರಲಿ ದೆಹಲಿಯಲ್ಲಿರಲಿ, ನಾವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು 2019ರ ಕಾಯಿದೆ ಹೇಳುತ್ತದೆ. ಐದು ಲಕ್ಷ ರೂಪಾಯಿಯೊಳಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ಇನ್ನೊಂದು ಎಚ್ಚರಿಕೆ. ಮನೆಯಲ್ಲಿ ವಯಸ್ಸಾದವರು ಮಾತ್ರ ಇರುವಾಗ, "ನಿಮ್ಮ ಮಗನ ಹೆಸರಿಗೆ ಪಾರ್ಸಲ್ ಬಂದಿದೆ, 499 ರೂಪಾಯಿ ಕೊಡಿ" ಎಂದು ಯಾರಾದರೂ ಬರಬಹುದು. ಯಾರೂ ಆರ್ಡರ್ ಹಾಕಿರುವುದಿಲ್ಲ. ಒಳಗೆ ಹಳೆಯ ಬಟ್ಟೆಯಿರುತ್ತದೆ. ಮಗನನ್ನು ಕೇಳುವ ತನಕ ಹಣ ಕೊಡಬೇಡಿ ಎಂದು ಅಜ್ಜಿ ತಾತಂದಿರಿಗೆ ಇವತ್ತೇ ಹೇಳಿಡಿರಿ.

ಹಕ್ಕನ್ನು ಹೇಳಿದ ಮೇಲೆ ಕರ್ತವ್ಯವನ್ನೂ ಹೇಳಬೇಕು. ಚಪ್ಪಲಿ ಕಂಡ ದಿನ ನಾವು ಗೇಟಿಗೆ ಓಡಿಹೋಗಿ ಪಾರ್ಸಲ್ ತಂದ ಹುಡುಗನನ್ನು ಬಾಯಿಗೆ ಬಂದಂತೆ ಬೈದೆವು. ಅವನೇನು ಮಾಡಿದ್ದ? ಮುಚ್ಚಿದ ಪೆಟ್ಟಿಗೆ ಅವನಿಗೆ ಕೊಟ್ಟರು, ಮುಚ್ಚಿದ ಪೆಟ್ಟಿಗೆ ಅವನು ನಮಗೆ ಕೊಟ್ಟ. ಮಳೆಯಲ್ಲಿ ಈ ಘಾಟಿನ ತಿರುವುಗಳಲ್ಲಿ ಬೈಕು ಓಡಿಸುವ ಅವನೂ ನಮ್ಮಂತೆಯೇ ಕೂಲಿಯವನು. ಮುಂದಿನ ಸಲ ಅವನು ಬಂದಾಗ ತಪ್ಪಾಯಿತಪ್ಪಾ ಎಂದು ಹೇಳಿ ಒಂದು ಲೋಟ ಚಹಾ ಕೊಟ್ಟೆವು. "ದಿನಕ್ಕೆ ಇಬ್ಬರಾದರೂ ಬೈಯ್ತಾರೆ ಅಕ್ಕ, ಅಭ್ಯಾಸ ಆಗಿದೆ" ಎಂದು ನಕ್ಕ. ಆ ನಗು ನಮಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಹಾಗೆಯೇ, ಕಡಿಮೆ ಬೆಲೆಯದು ಬಂದರೆ ಗಲಾಟೆ ಮಾಡಿ, ಹೆಚ್ಚು ಬೆಲೆಯದು ತಪ್ಪಾಗಿ ಬಂದರೆ ಸುಮ್ಮನೆ ಇಟ್ಟುಕೊಳ್ಳುವುದು ನ್ಯಾಯವಲ್ಲ. ಹೊಸ ಸೀರೆ ತರಿಸಿ, ಮದುವೆಗೆ ಉಟ್ಟು, ಮಡಿಸಿ ಹಿಂದಕ್ಕೆ ಕಳುಹಿಸುವವರೂ ಇದ್ದಾರೆ. ಅಂಥವರು ಹೆಚ್ಚಿದಷ್ಟೂ ನಿಜವಾಗಿ ಮೋಸಹೋದವರ ಮಾತನ್ನು ನಂಬುವವರು ಕಡಿಮೆಯಾಗುತ್ತಾರೆ. ತಕ್ಕಡಿ ಎರಡು ಕಡೆಗೂ ಒಂದೇ ಆಗಿರಬೇಕು.

ಕಡೆಯದಾಗಿ ನಮ್ಮ ವಿನಂತಿ. ಪ್ರತಿ ಲೈನಿನಲ್ಲೂ ಓದುವ ಒಂದಿಬ್ಬರು ಮಕ್ಕಳಿದ್ದಾರೆ. ಅವರು ವಾರಕ್ಕೊಂದು ಸಂಜೆ ಒಂದು ಗಂಟೆ ಕುಳಿತು ಹಿರಿಯರಿಗೆ ಫೋನಿನ ಈ ಕೆಲಸಗಳನ್ನು ಮಾಡಿಕೊಡಲಿ. 1915, 1930 ಎಂಬ ಎರಡು ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಮನೆಯ ಬಾಗಿಲ ಹಿಂದೆ ಅಂಟಿಸಲಿ. ಮತ್ತು ಮೋಸಹೋದ ಮನೆಯವರನ್ನು ಕಂಡು ಯಾರೂ ನಗದಿರಲಿ. ಮೊದಲ ದಿನವೇ ಪಕ್ಕದ ಮನೆಯ ಬಾಗಿಲು ತಟ್ಟುವ ಧೈರ್ಯ ನಮಗಿದ್ದಿದ್ದರೆ, ಈ ಕಥೆಯನ್ನು ಬೇರೆ ರೀತಿಯಲ್ಲಿ ಹೇಳುತ್ತಿದ್ದೆವು. ನಿಮಗೆ ಹಾಗಾದರೆ ನಮ್ಮ ಬಾಗಿಲು ತಟ್ಟಿರಿ. ರಾತ್ರಿಯಾದರೂ ಸರಿ, ಎದ್ದು ಬರುತ್ತೇವೆ.