ಮೊದಲು ಪ್ಲಗ್ ಎಲ್ಲಿದೆ ನೋಡಿ

ಇವತ್ತು ರಾಜಕೀಯ ಸ್ವಲ್ಪ ಪಕ್ಕಕ್ಕಿಡೋಣ. ನಮ್ಮ ಸ್ಟುಡಿಯೋದಲ್ಲಿ ಲೈಟ್ಸ್ ನೋಡಿಕೊಳ್ಳುವ ಹುಡುಗ ಮೊನ್ನೆ ಬುಲೆಟಿನ್ ಮುಗಿದ ಕೂಡಲೇ ಬಂದು ನಿಂತ. "ಸರ್, ನೀವು ಎಂಜಿನಿಯರಿಂಗ್ ಓದಿದೋರು. ಎಲೆಕ್ಟ್ರಿಕ್ ಗಾಡಿ ತಗೋಬೇಕು, ಯಾವುದು ತಗೊಳ್ಳಿ?" ಚೀಟಿ ಎತ್ತಿದ 40 ಸಾವಿರ ಕೈಯಲ್ಲಿದೆ. ಇನ್ನು 60 ಸಾವಿರ ಸಾಲ. ಲಕ್ಷದೊಳಗೆ ಎಲ್ಲ ಮುಗೀಬೇಕು.

ನಾನು ಕಂಪನಿ ಹೆಸರು ಹೇಳಲಿಲ್ಲ. "ನಿಮ್ಮನೇಲಿ ಪ್ಲಗ್ ಎಲ್ಲಿದೆ?" ಅಂದೆ.

ಹುಡುಗ ತಬ್ಬಿಬ್ಬಾದ. ಕಾಮಾಕ್ಷಿಪಾಳ್ಯದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಗಾಡಿ ನಿಲ್ಲೋದು ರಸ್ತೆಯಲ್ಲಿ. "ಮೇಲಿಂದ ವೈರ್ ಇಳಿಬಿಡ್ತೀನಿ ಸರ್" ಅಂದ. ಬೇಡ ಕಣಪ್ಪಾ. ರಾತ್ರಿಯೆಲ್ಲ ಕರೆಂಟ್ ಎಳೆಯುವ ಗಾಡಿಗೆ ಟೇಬಲ್ ಫ್ಯಾನಿನ ವೈರ್ ಸಾಲದು, ಬಿಸಿಯಾಗುತ್ತೆ. ಮಳೆ ಬಂದರೆ ಕೇಳಲೇಬೇಡಿ. ಒಂದೋ ಓನರ್ ಒಪ್ಪಿ ಕೆಳಗೆ ಅರ್ತಿಂಗ್ ಇರುವ ಪಾಯಿಂಟ್ ಕೊಡಬೇಕು, ಇಲ್ಲವೇ ಬ್ಯಾಟರಿ ಕಳಚಿ ಮೇಲೆ ಒಯ್ಯುವ ಗಾಡಿ ಬೇಕು. ಆ ಬ್ಯಾಟರಿ ಅಂದಾಜು ಹತ್ತು ಕೆಜಿ ತೂಗುತ್ತೆ. ದಿನಾ ಮೂರು ಮಹಡಿ ಹತ್ತಿಸ್ತೀಯಾ? ಶೋರೂಮಿನಲ್ಲಿ ಈ ಪ್ರಶ್ನೆ ಯಾರೂ ಕೇಳಲ್ಲ. ಬಣ್ಣ ಯಾವುದು ಬೇಕು ಅಂತ ಕೇಳ್ತಾರೆ!

ನನ್ನ ಕಥೆಯನ್ನೂ ಹೇಳಿಬಿಡ್ತೀನಿ. ಎಂಜಿನಿಯರಿಂಗ್ ಮುಗಿದ ಹೊಸದರಲ್ಲಿ ಅಪ್ಪನ ದುಡ್ಡಲ್ಲಿ ಒಂದು ಅಗ್ಗದ ಬ್ಯಾಟರಿ ಸ್ಕೂಟರ್ ತಗೊಂಡಿದ್ದೆ. ಲೆಡ್ ಆಸಿಡ್ ಬ್ಯಾಟರಿ. ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ ಅನ್ನೋದೇ ಆಕರ್ಷಣೆ. ಅರವತ್ತು ಕಿಲೋಮೀಟರ್ ಓಡುತ್ತೆ ಅಂದಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಇಪ್ಪತ್ತಕ್ಕೇ ಸುಸ್ತು. ಹೊಸ ಬ್ಯಾಟರಿಯ ರೇಟ್ ಕೇಳಿ ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಬಗೆಯ ಗಾಡಿಗಳು ಈಗಲೂ ಇವೆ. ಕಾನೂನು ಸ್ಪಷ್ಟ: ಮೋಟಾರ್ 250 ವ್ಯಾಟ್, ವೇಗ ಗಂಟೆಗೆ 25 ಕಿಲೋಮೀಟರ್ ಮೀರದಿದ್ದರೆ ನೋಂದಣಿ ಬೇಡ. ಬಡಾವಣೆಯೊಳಗೆ ತರಕಾರಿ ತರೋಕೆ ಸರಿ. ರಿಂಗ್ ರೋಡಲ್ಲಿ ಹಿಂದೆ ಟಿಪ್ಪರ್ ಬರ್ತಿರುವಾಗ 25ರ ವೇಗ ಅಂದ್ರೆ ಜೀವಕ್ಕೇ ಅಪಾಯ. "ಲಾಕ್ ತೆಗೆದುಕೊಡ್ತೀವಿ, 45ರಲ್ಲಿ ಹೋಗುತ್ತೆ" ಅನ್ನೋ ಅಂಗಡಿಯಿಂದ ಸೀದಾ ಎದ್ದು ಬನ್ನಿ. ಲಾಕ್ ತೆಗೆದ ಕ್ಷಣ ಆ ವಿನಾಯಿತಿಯೂ ಹೋಯಿತು.

ಸರಿ, ಲೆಕ್ಕಕ್ಕೆ ಬರೋಣ. ಇವನ ಓಡಾಟ ದಿನಕ್ಕೆ 28 ಕಿಲೋಮೀಟರ್, ತಿಂಗಳಿಗೆ 26 ದಿನ. ಈಗಿನ ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕೊಡುತ್ತೆ. ಲೀಟರಿಗೆ 103 ರೂಪಾಯಿ ಹಿಡಿದರೆ ತಿಂಗಳಿಗೆ 1,650ರ ಮೇಲೆ. ಎಲೆಕ್ಟ್ರಿಕ್ ಆದ್ರೆ ಚಾರ್ಜಿಂಗ್ ನಷ್ಟ ಸೇರಿಸಿ 25 ಯೂನಿಟ್. ಓನರ್ ಯೂನಿಟ್‌ಗೆ ಹತ್ತು ರೂಪಾಯಿ ವಸೂಲಿ ಮಾಡಿದರೂ 250. ಉಳಿತಾಯ 1,400. ಹುಡುಗನ ಮುಖ ಅರಳಿತು. ಆದರೆ 60 ಸಾವಿರ ಸಾಲಕ್ಕೆ ಶೇ. 12 ಬಡ್ಡಿಯಲ್ಲಿ ಎರಡು ವರ್ಷದ ಕಂತು 2,800. ಉಳಿಯೋದು ಅದರ ಅರ್ಧ. "ಪೆಟ್ರೋಲ್ ದುಡ್ಡಲ್ಲೇ ಇಎಂಐ ಕಟ್ಟಿ" ಅನ್ನೋ ಜಾಹೀರಾತು ದಿನಕ್ಕೆ ಅರವತ್ತು, ಎಪ್ಪತ್ತು ಕಿಲೋಮೀಟರ್ ತಿರುಗುವ ಡೆಲಿವರಿ ಹುಡುಗರಿಗೆ ನಿಜ ಆಗಬಹುದು. ಇವನಿಗೆ ಅಲ್ಲ.

ಸಬ್ಸಿಡಿ ನೆನೆದು ಆತುರ ಬೇಕಾ? 2023ರ ಮೇವರೆಗೆ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15 ಸಾವಿರ ಸಿಗ್ತಿತ್ತು. ಆ ಜೂನ್‌ನಿಂದ 10 ಸಾವಿರ, 2024ರ ಏಪ್ರಿಲ್‌ನಿಂದ 5 ಸಾವಿರ, 2025ರ ಏಪ್ರಿಲ್‌ನಿಂದ 2,500ಕ್ಕೆ ಇಳಿಯಿತು, ಅದೂ ಗಾಡಿಗೆ ಗರಿಷ್ಠ 5 ಸಾವಿರ ಅಂತ ಆಗಿತ್ತು. ದೊಡ್ಡ ಗಂಟು ಆಗಲೇ ಕರಗಿದೆ ಸ್ವಾಮಿ. ಸಬ್ಸಿಡಿ ನೆನೆದು ಒಂದು ಲಕ್ಷದ ತಪ್ಪು ಮಾಡಬೇಡಿ.

ಗಾಡಿ ನೋಡುವಾಗ ಮೈಲೇಜ್ ಎಷ್ಟು ಅನ್ನಬೇಡಿ, ಬ್ಯಾಟರಿ ಎಷ್ಟು ಕಿಲೋವ್ಯಾಟ್ ಅವರ್ ಅನ್ನಿ. ನಮ್ಮ ಟ್ರಾಫಿಕ್, ಫ್ಲೈಓವರ್ ಏರು, ಹಿಂದೊಬ್ಬರು ಸವಾರರು ಇದ್ದರೆ ಒಂದು ಕಿಲೋವ್ಯಾಟ್ ಅವರ್‌ಗೆ ಮೂವತ್ತು ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಕರಪತ್ರದಲ್ಲಿರುವುದು ಪರೀಕ್ಷೆಯ ಅಂಕಿ. ಇವನಿಗೆ ಎರಡೂಕಾಲರ ಸಣ್ಣ ಬ್ಯಾಟರಿಯೇ ಧಾರಾಳ, ಮೂರೂವರೆಗೆ ಹೆಚ್ಚು ದುಡ್ಡು ಯಾಕೆ? ಅದು ಲಿಥಿಯಂ ಆಗಿರಲಿ. 2022ರಲ್ಲಿ ಗಾಡಿಗಳು ಹೊತ್ತಿ ಉರಿದ ಮೇಲೆ ಬಿಗಿಯಾದ ಎಐಎಸ್ 156 ಮಾನದಂಡಕ್ಕೆ ಪಾಸಾದದ್ದಾ ಅಂತ ಕೇಳಿ. ವಾರಂಟಿ ಬಾಯಿಮಾತಲ್ಲಿ ಬೇಡ, ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡ್ತೀರಿ ಅನ್ನೋದು ಕಾಗದದಲ್ಲಿರಲಿ.

ಕೊನೇದಾಗಿ ಅವನಿಗೆ ಒಂದು ಕೆಲಸ ಕೊಟ್ಟೆ. ಶೋರೂಮ್ ಆಮೇಲೆ, ಮೊದಲು ಶನಿವಾರ ಬೆಳಿಗ್ಗೆ ಸರ್ವಿಸ್ ಸೆಂಟರಿನ ಗೇಟ್ ಹತ್ತಿರ ಒಂದು ಗಂಟೆ ನಿಂತ್ಕೋ. ಬಂದವರನ್ನು "ಎಷ್ಟು ದಿನದಿಂದ ಓಡಾಡ್ತಿದೀರ?" ಅಂತ ಕೇಳು.

ನಿನ್ನೆ ಫೋನ್ ಮಾಡಿದ್ದ. ಓನರ್ ಪ್ಲಗ್‌ಗೆ ಒಪ್ಪಿದ್ದಾರಂತೆ, ಸಬ್ ಮೀಟರ್ ಖರ್ಚು ಇವನದೇ. ಹಳೇ ಸ್ಕೂಟರ್ ಇನ್ನೂ ಆರು ತಿಂಗಳು ಓಡುತ್ತೆ, ಅಷ್ಟರಲ್ಲಿ ಇನ್ನೊಂದು ಚೀಟಿ ಎತ್ತಿ ಸಾಲ ಅರ್ಧಕ್ಕೆ ಇಳಿಸ್ತೀನಿ ಅಂದ. ಶನಿವಾರ ಬೆಳಿಗ್ಗೆ ರಜೆ ಬೇಕಂತೆ. ಕೊಟ್ಟಿದೀವಿ.